ಹರಾಜಿನ ದುಡ್ಡು, ಹಿತ್ತಲಿನ ಲೆಕ್ಕ

ಹೊಗೆಸೊಪ್ಪಿನ ಸೀಮೆಯಲ್ಲಿ ಚಳಿಗಾಲವೆಂದರೆ ಬ್ಯಾರನ್ ಒಲೆ ಆರುವ ಕಾಲ, ಕೈಗೆ ಕಾಸು ಬರುವ ಕಾಲ. ಹಿತ್ತಲನ್ನೂ ಮನೆಯನ್ನೂ ಒಂದು ಸುತ್ತು ಸರಿಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಕಳೆದ ವರ್ಷದ ಡಿಸೆಂಬರ್. ಹರಾಜು ಮಾರುಕಟ್ಟೆಯಿಂದ ಬೇಲುಗಳ ದುಡ್ಡು ಬ್ಯಾಂಕಿನ ಖಾತೆಗೆ ಬಿದ್ದ ದಿನ ರಾತ್ರಿ, ಊಟ ಮುಗಿಸಿ ನಾವೆಲ್ಲ ನಡುಮನೆಯಲ್ಲಿ ಕುಳಿತಿದ್ದೆವು. ಗೊಬ್ಬರದ ಬಾಕಿ, ಸೌದೆಯ ಬಾಕಿ, ಸೊಸೈಟಿ ಸಾಲ ಕಳೆದು ಉಳಿಯುವುದೆಷ್ಟು ಎಂದು ನಮ್ಮ ಯಜಮಾನರು ಮಗಳ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದರು. ಮಗಳಿಗೆ ದೊಡ್ಡ ಟಿ.ವಿ. ಬೇಕು. ನನಗೆ ಬಚ್ಚಲಮನೆ ಸರಿಯಾಗಬೇಕು. ಯಜಮಾನರಿಗೆ ಹಿತ್ತಲಿನಲ್ಲಿ ಉಳಿದಿದ್ದ ಜಾಗಕ್ಕೂ ಹೊಗೆಸೊಪ್ಪಿನ ಸಸಿ ಮಡಿ ಹಾಕುವ ಆಸೆ. ನೀರು ಹತ್ತಿರ, ಕಣ್ಣಳತೆಯಲ್ಲೇ ಇರುತ್ತದೆ ಎಂಬುದು ಅವರ ವಾದ.

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ ತಲೆ ಎತ್ತಲಿಲ್ಲ. "ಹಾಕ್ಕಳಪ್ಪ. ಇನ್ನೇನು, ಸೊಪ್ಪು ಸದೆ ಎಲ್ಲ ಸಂತೇಲೇ ಸಿಕ್ತದಲ್ಲ" ಅಂದರು. ಅಷ್ಟೇ. ಆದರೆ ಆ ಮಾತು ನನಗೆ ಚುಚ್ಚಿತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಬಸ್ಸಾರಿಗೆ ಒಂದು ಕಡ್ಡಿ ಸೊಪ್ಪನ್ನೂ ಹೊರಗಿನಿಂದ ತಂದವರಲ್ಲ ನಾವು. ಅತ್ತೆಯ ಮೊಣಕಾಲು ಕೈಕೊಟ್ಟಿತು, ಸಸಿ ಮಡಿ ವರ್ಷಕ್ಕೊಂದು ಗೇಣು ಹಿತ್ತಲನ್ನು ನುಂಗುತ್ತ ಬಂತು. ಉಳಿದ ಮೂಲೆಯಲ್ಲಿ ನಾನು ಹಾಕಿದ ಟೊಮೆಟೊ ಎರಡು ವರ್ಷ ಸತತವಾಗಿ ಕಾಯಿ ಕಚ್ಚುವ ಮೊದಲೇ ಸತ್ತಿತ್ತು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ಬಹಳಷ್ಟು ಮನೆಗಳ ಕಥೆ ಇದೇ. ಕಟ್ಟೆಮಳಲವಾಡಿಗೋ ಕಂಪಲಾಪುರಕ್ಕೋ ಬೇಲು ಹೊತ್ತ ಟೆಂಪೊಗಳು ಹೋಗುತ್ತವೆ. ಬರುವಾಗ ಸಂತೆಯ ಟೊಮೆಟೊ ಬರುತ್ತದೆ. ಎಕರೆಗಟ್ಟಲೆ ಬೆಳೆಯುವ ನಮಗೆ ಒಂದು ಕಂತೆ ಕೊತ್ತಂಬರಿ ಬೆಳೆದುಕೊಳ್ಳಲು ಆಗದೆಂದರೆ ಏನು?

ಟೊಮೆಟೊ ಸತ್ತದ್ದೇಕೆ?

ಕೃಷಿ ಓದುತ್ತಿರುವ ನಮ್ಮಕ್ಕನ ಮಗ ಆ ವಾರ ಊರಿಗೆ ಬಂದಿದ್ದ. ಹಿತ್ತಲಿಗೆ ಹೋದವನೇ ಒಣಗಿ ನಿಂತಿದ್ದ ಒಂದು ಟೊಮೆಟೊ ಗಿಡವನ್ನು ಬೇರುಸಹಿತ ಕಿತ್ತು ನೀರಿನಲ್ಲಿ ಅಲುಗಿಸಿದ. ಬೇರಿನ ತುಂಬ ಮಣಿ ಪೋಣಿಸಿದ ಹಾಗೆ ಗಂಟು.

"ಚಿಕ್ಕಮ್ಮ, ಇದು ಬೇರುಗಂಟು ಜಂತುಹುಳು. ನಿಮ್ಮ ಸಸಿ ಮಡಿಯಿಂದಲೇ ಬಂದಿರೋದು" ಅಂದ.

ವಿಷಯ ಇಷ್ಟೇ. ಹೊಗೆಸೊಪ್ಪು, ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಒಂದೇ ಕುಟುಂಬದ ಗಿಡಗಳು. ಅಣ್ಣತಮ್ಮಂದಿರ ಮನೆಯಲ್ಲಿ ಒಬ್ಬರಿಗೆ ಬಂದ ಕಾಯಿಲೆ ಇನ್ನೊಬ್ಬರಿಗೆ ಅಂಟಿದ ಹಾಗೆ, ಇವುಗಳ ರೋಗಗಳೂ ಹಂಚಿಕೆಯಾಗುತ್ತವೆ. ಬೇರುಗಂಟಿನ ಹುಳು ಕಣ್ಣಿಗೆ ಕಾಣದಷ್ಟು ಸಣ್ಣದು. ನಮ್ಮಂಥ ಮರಳು ಮಿಶ್ರಿತ ಕೆಂಪು ಮಣ್ಣು ಅದಕ್ಕೆ ಬಹಳ ಇಷ್ಟ. ಒಂದೇ ಜಾಗದಲ್ಲಿ ವರ್ಷವರ್ಷವೂ ಸಸಿ ಮಡಿ ಹಾಕಿದರೆ ಅದರ ಸಂತತಿ ಹೆಚ್ಚುತ್ತ ಹೋಗುತ್ತದೆ. ಬೆಂಡೆ, ಕ್ಯಾರೆಟ್‌ಗೂ ಅದು ಸುಲಭವಾಗಿ ಅಂಟುತ್ತದೆ.

ಎರಡನೆಯದು ಇನ್ನೂ ಸ್ವಾರಸ್ಯದ ಸಂಗತಿ. ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ಚಿತ್ತಾರ ಮೂಡಿಸಿ ಗಿಡವನ್ನು ಗಿಡ್ಡಾಗಿಸುವ ಮೊಸಾಯಿಕ್ ರೋಗ. ಅದಕ್ಕೆ ಕಾರಣ ಒಂದು ವೈರಸ್. ಮಕ್ಕಳೇ, ಜಗತ್ತಿನಲ್ಲಿ ವಿಜ್ಞಾನಿಗಳು ಮೊಟ್ಟಮೊದಲು ಗುರುತಿಸಿದ ವೈರಸ್ ಇದೇ! ರಷ್ಯಾದ ಇವಾನೋವ್‌ಸ್ಕಿ 1892ರಲ್ಲಿ ರೋಗದ ಎಲೆಯ ರಸವನ್ನು ಬ್ಯಾಕ್ಟೀರಿಯಾ ಕೂಡ ನುಸುಳಲಾಗದ ಜರಡಿಯಲ್ಲಿ ಸೋಸಿ ನೋಡಿದರು. ಸೋಸಿದ ರಸವೂ ರೋಗ ಹರಡಿತು. 1898ರಲ್ಲಿ ಹಾಲೆಂಡಿನ ಬೈಜೆರಿಂಕ್ ಇದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಬೇರೆಯದೇ ವಸ್ತು ಎಂದು ಹೇಳಿ ಅದಕ್ಕೆ 'ವೈರಸ್' ಎಂಬ ಹೆಸರು ಬಳಸಿದರು. ಅವರು ಪರೀಕ್ಷೆ ಮಾಡಿದ್ದು ನಮ್ಮ ಹೊಲದ ಗಿಡವನ್ನೇ, ಹೊಗೆಸೊಪ್ಪನ್ನು.

ಈ ವೈರಸ್ ಒಣಗಿದ ಎಲೆಯಲ್ಲೂ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಹರಡಲು ಅದಕ್ಕೆ ಹುಳುಹುಪ್ಪಟೆ ಬೇಡ, ನಮ್ಮ ಕೈ ಸಾಕು. ಹಗಲೆಲ್ಲ ಸೊಪ್ಪು ಗ್ರೇಡ್ ಮಾಡಿ, ಅದೇ ಕೈಯಲ್ಲಿ ಟೊಮೆಟೊ ಕುಡಿ ಚಿವುಟಿದರೆ ಮುಗಿಯಿತು. ನಾನು ಎರಡು ವರ್ಷ ಮಾಡಿದ್ದು ಅದನ್ನೇ. ಬೀಡಿ ಸೇದಿದ ಕೈಗೂ ಇದೇ ಮಾತು.

ಮಕ್ಕಳಿಗೆ ಮೂರು ಪರೀಕ್ಷೆ

ಒಂದು: ಬಾಡಿದ ಗಿಡವನ್ನು ಕಿತ್ತು ಬೇರು ತೊಳೆಯಿರಿ. ಗಂಟುಗಳಿದ್ದರೆ ಬೆರಳಿನಿಂದ ಉಜ್ಜಿ. ಉಜ್ಜಿದರೂ ಬಾರದ, ಬೇರೇ ಊದಿದಂಥ ಗಂಟಾದರೆ ಜಂತುಹುಳು. ಅವರೆ, ಹುರುಳಿಕಾಯಿ, ಅಲಸಂದೆ ಬೇರಿನ ಗಂಟು ಬೇರೆ: ಉಜ್ಜಿದರೆ ಉದುರುತ್ತದೆ, ಒಡೆದರೆ ಒಳಗೆ ನಸುಗೆಂಪು. ಅದು ರೋಗವಲ್ಲ, ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ಒಳ್ಳೆಯ ಗಂಟು. ಅದನ್ನು ಬೈಯಬೇಡಿ.

ಎರಡು: ಗಿಡ ಹಸಿರಾಗಿದ್ದ ಹಾಗೇ ದಿಢೀರನೆ ಬಾಡಿದರೆ, ಬುಡದ ಕಾಂಡವನ್ನು ದೊಡ್ಡವರಿಂದ ಕತ್ತರಿಸಿಕೊಂಡು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಕೆಲವು ನಿಮಿಷದಲ್ಲಿ ಹಾಲಿನ ಎಳೆಯಂತೆ ಬಿಳಿಯದು ಇಳಿದರೆ ಅದು ದುಂಡಾಣು ಸೊರಗು ರೋಗ. ಅಂಥ ಮಡಿಯಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ ಮತ್ತೆ ಹಾಕಬಾರದು.

ಮೂರು: ನೆರಳು ಅಳೆಯುವುದು. ಡಿಸೆಂಬರ್ 21ರ ಆಸುಪಾಸು ಸೂರ್ಯ ದಕ್ಷಿಣದ ತುದಿಯಲ್ಲಿರುತ್ತಾನೆ. ನಮ್ಮ ಕಡೆ ಸೂರ್ಯ ಅತಿ ಎತ್ತರಕ್ಕೆ ಬರುವುದು ಗಡಿಯಾರದ 12 ಗಂಟೆಗಲ್ಲ, ಸುಮಾರು 12.25ಕ್ಕೆ. ಆಗ 10 ಅಡಿ ಎತ್ತರದ ಗೋಡೆಯ ನೆರಳು ಉತ್ತರಕ್ಕೆ 7 ಅಡಿಯಷ್ಟು ಚಾಚುತ್ತದೆ. ಅದೇ ಜೂನ್ ತಿಂಗಳಲ್ಲಿ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿ, ನೆರಳು ದಕ್ಷಿಣಕ್ಕೆ ಬರೀ 2 ಅಡಿ ಬೀಳುತ್ತದೆ! ಮನೆಯ ಉತ್ತರಕ್ಕೆ ಹಿತ್ತಲಿದ್ದರೆ, ಗೋಡೆಯಿಂದ 7 ಅಡಿ ಬಿಟ್ಟು ಸೀಮೆಸುಣ್ಣದಲ್ಲೋ ಬೂದಿಯಲ್ಲೋ ಗೆರೆ ಎಳೆಯಿರಿ. ಚಳಿಗಾಲದ ತರಕಾರಿ ಆ ಗೆರೆಯಾಚೆ. ಈಚೆಗೆ ಒಂದೆಲಗ, ಪುದೀನ, ದೊಡ್ಡಪತ್ರೆ.

ನಕ್ಷೆ ಹಾಕಿದ್ದು ಹೀಗೆ

ಬೇರಿನ ಗಂಟು ನೋಡಿದ ಮೇಲೆ ನಮ್ಮ ಯಜಮಾನರೇ ಮಾತು ಬದಲಿಸಿದರು. ಟೊಮೆಟೊ ಮೇಲಿನ ಪ್ರೀತಿಯಿಂದಲ್ಲ. ಗಂಟುಬೇರಿನ ಮಡಿಯಲ್ಲಿ ಎದ್ದ ಹೊಗೆಸೊಪ್ಪಿನ ಸಸಿ ಹೊಲಕ್ಕೂ ಹುಳು ಹೊತ್ತೊಯ್ಯುತ್ತದೆ, ಇಳುವರಿಯನ್ನು ತಿನ್ನುತ್ತದೆ ಎಂಬುದು ಅವರಿಗೆ ಹೊಳೆಯಿತು. "ಹಂಗಾರೆ ಸಸಿ ಮಡೀನ ಬೋರ್ ಹತ್ರಕ್ಕೆ ಸಾಗಿಸ್ತೀನಿ" ಅಂದರು. ಹೀಗೆ ಹಿತ್ತಲು ನಮಗೆ ವಾಪಸ್ ಬಂತು.

ಮರುದಿನ ಮಗಳು ನೋಟುಪುಸ್ತಕದಲ್ಲಿ ಹಿತ್ತಲನ್ನು ಬರೆದಳು. ಒಂದು ಹೆಜ್ಜೆಗೆ ಒಂದು ಚೌಕ. ಬಾವಿ, ತಿಪ್ಪೆ, ತೆಂಗಿನಮರ, ಬಚ್ಚಲ ನೀರು ಹರಿಯುವ ದಾರಿ, ಕೋಳಿಗೂಡು ಎಲ್ಲ ಬಂದವು. ನಂತರ ನಾವು ಮಾಡಿಕೊಂಡ ನಿಯಮಗಳಿವು:

ಮಡಿಯ ಅಗಲ 3 ಅಡಿಗಿಂತ ಹೆಚ್ಚು ಬೇಡ. ಎರಡೂ ಬದಿಯಿಂದ ಮಗುವಿನ ಕೈಗೂ ಎಟುಕಬೇಕು, ಒಳಗೆ ಕಾಲಿಡುವಂತಿರಬಾರದು. ನಡುವೆ 2 ಅಡಿ ದಾರಿ. ಮಂಕರಿ ಹೊತ್ತು ಓಡಾಡುವಂತಿರಲಿ. ಎತ್ತರಕ್ಕೆ ಹಬ್ಬುವ ಚಪ್ಪರ ಉತ್ತರದ ಅಂಚಿಗೆ, ಆಗ ಅದರ ನೆರಳು ಮಡಿಗಳ ಮೇಲೆ ಬೀಳದು. ನುಗ್ಗೆ, ಬಾಳೆ, ಪಪ್ಪಾಯ ಪಶ್ಚಿಮಕ್ಕೆ. ಮಾರ್ಚ್-ಏಪ್ರಿಲ್‌ನ ಸಂಜೆ ಬಿಸಿಲನ್ನು ಅವು ತಡೆಯುತ್ತವೆ. ದಿನಾ ಬೇಕಾಗುವ ಕರಿಬೇವು, ಕೊತ್ತಂಬರಿ, ಪುದೀನ ಅಡುಗೆಮನೆಯ ಬಾಗಿಲಿಗೆ ಹತ್ತಿರ. ಸಾರು ಕುದಿಯುತ್ತಿರುವಾಗ ಹಿತ್ತಲಿನ ತುದಿಗೆ ಓಡುವವರು ಯಾರು?

ಹಳೆಯ ಸಸಿ ಮಡಿಯ ಜಾಗಕ್ಕೆ ಬೇರೆಯೇ ಲೆಕ್ಕ. ಅಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆ ಬಂದ್. ಅಲ್ಲಿಗೆ ಚೆಂಡುಹೂ ಹಾಕಿದೆವು. ಎಚ್.ಡಿ.ಕೋಟೆ ಕಡೆ ಹೊಲಗಟ್ಟಲೆ ಅರಳುತ್ತದಲ್ಲ, ಅದೇ. ಅದರ ಬೇರು ಜಂತುಹುಳುವಿಗೆ ಆಗದು. ಆದರೆ ಬದುವಿನಲ್ಲಿ ನಾಲ್ಕು ಗಿಡ ಅಂದಕ್ಕೆ ನೆಟ್ಟರೆ ಪ್ರಯೋಜನ ಕಡಿಮೆ. ಇಡೀ ಮಡಿಗೆ ಒತ್ತೊತ್ತಾಗಿ ಹಾಕಿ ಎರಡು-ಮೂರು ತಿಂಗಳು ಬೆಳೆಸಬೇಕು. ಅದಾದ ಮೇಲೆ ಈರುಳ್ಳಿ, ಬೆಳ್ಳುಳ್ಳಿ, ಮುಂಗಾರಿಗೆ ರಾಗಿ. ಹೊಗೆಸೊಪ್ಪಿನ ಹೊಲಕ್ಕೂ ರಾಗಿಯ ಸರದಿ ಒಳ್ಳೆಯದೆಂಬುದು ನಮ್ಮ ರೈತರಿಗೆ ಹೊಸ ಮಾತೇನಲ್ಲ.

ಟೊಮೆಟೊ ಬಿಟ್ಟಿರಲಾಗದವರಿಗೆ ದಾರಿ ಇದೆ. ಹೊಗೆಸೊಪ್ಪು, ಶುಂಠಿ ಎರಡನ್ನೂ ಬೆಳೆಯದ ಹೊಲದ ಮಣ್ಣು ತಂದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ದೊಡ್ಡ ಚೀಲದಲ್ಲೋ ಕುಂಡದಲ್ಲೋ ಬೆಳೆಸಿ. ಗಿಡ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಹೊಗೆಸೊಪ್ಪಿನ ಕಡ್ಡಿ, ಪುಡಿ, ಬ್ಯಾರನ್ ಕಸ ತರಕಾರಿಯ ತಿಪ್ಪೆಗೆ ಬೇಡ. ಹುಳಕ್ಕೆ ಔಷಧಿಯೆಂದು ಹೊಗೆಸೊಪ್ಪಿನ ಕಷಾಯ ಸಿಂಪಡಿಸುವ ಅಭ್ಯಾಸವೂ ಬೇಡ. ಅದರಲ್ಲಿರುವ ನಿಕೋಟಿನ್ ನಮಗೂ ವಿಷ, ಟೊಮೆಟೊಗೆ ರೋಗದ ದಾರಿಯೂ ಹೌದು.

ಅಜ್ಜಿಗೊಂದು ಎತ್ತರದ ಮಡಿ

ನಮ್ಮತ್ತೆಗೆ ಬಗ್ಗಲು ಆಗದು, ಆದರೆ ಕಳೆ ಕಂಡರೆ ಸುಮ್ಮನಿರಲೂ ಆಗದು. ಹಾಗಾಗಿ ಮನೆಯ ಪೂರ್ವಕ್ಕೆ, ಬೆಳಗಿನ ಬಿಸಿಲು ಬೀಳುವಲ್ಲಿ 2 ಅಡಿ ಎತ್ತರ, ಎರಡೂವರೆ ಅಡಿ ಅಗಲ, 8 ಅಡಿ ಉದ್ದದ ಕಟ್ಟೆ ಕಟ್ಟಿದೆವು. ಹಳೇ ಗೋಡೆ ಕೆಡವಿದ ಇಟ್ಟಿಗೆ, ಒಡೆದ ಹೆಂಚು ಎಲ್ಲ ಅಲ್ಲಿಗೆ ಖರ್ಚಾಯಿತು. ನೀರು ಬಸಿಯಲು ತಳದಲ್ಲಿ ಅಲ್ಲಲ್ಲಿ ಕಿಂಡಿ ಬಿಟ್ಟೆವು. ಅಡಿಗೆ ತೆಂಗಿನ ಸಿಪ್ಪೆ, ಬಾಳೆದಿಂಡು, ಒಣ ಎಲೆ. ಮೇಲಿನ ಒಂದಡಿಗೆ ಎರಡು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ. ತೆಂಗಿನ ಸಿಪ್ಪೆ ನೀರು ಹಿಡಿದಿಟ್ಟುಕೊಳ್ಳುವುದರಿಂದ ನಮ್ಮ ಮರಳು ಮಣ್ಣಿಗೆ ಅದು ವರದಾನ. ಮೊದಲ ವರ್ಷ ಒಳಗಿನದು ಕುಸಿಯುತ್ತದೆ, ಮತ್ತೆ ಮೇಲೆ ಮಣ್ಣು ತುಂಬಬೇಕು.

ಕಟ್ಟೆಯ ಅಂಚಿನ ಮೇಲೆ ಕುಳಿತುಕೊಂಡೇ ಅತ್ತೆ ಮೆಂತ್ಯ, ಸಬ್ಬಸಿಗೆ, ದಂಟು ಬಿತ್ತಿದರು. ಮೆಂತ್ಯ ತಿಂಗಳೊಳಗೆ ಕೈಗೆ ಬಂತು. ಮೂಲಂಗಿಗೆ 45 ದಿನ. ಮೊದಲ ಕಂತೆ ಸೊಪ್ಪನ್ನು ಅವರು ಅಡುಗೆಗೆ ಕೊಡಲಿಲ್ಲ, ಪಕ್ಕದ ಮನೆಗೆ ಕಳಿಸಿದರು. "ನಮ್ಮ ಹಿತ್ಲುದು ಅಂತ ಹೇಳ್ಬಿಟ್ಟು ಬಾ" ಎಂದು ಮೊಮ್ಮಗಳಿಗೆ ಹೇಳಿದ್ದು ನನಗೆ ಅಡುಗೆಮನೆಗೆ ಕೇಳಿಸಿತು.

ಅವರೆಯ ಬಗ್ಗೆ ಒಂದು ಮಾತು. ನಮ್ಮ ನಾಟಿ ಅವರೆ ಹೂ ಬಿಡುವುದು ಹಗಲು ಕಿರಿದಾದಾಗ ಮಾತ್ರ. ಬೇಸಿಗೆಯಲ್ಲಿ ಬಿತ್ತಿದರೆ ಬಳ್ಳಿ ಹಬ್ಬೀತೇ ಹೊರತು ಕಾಯಿ ಕಾಣದು. ಅದಕ್ಕೇ ಸೊಗಡಿನ ಅವರೆಕಾಯಿ ಚಳಿಗಾಲದ ಹಬ್ಬ. ಬೇರೆ ಕಾಲದಲ್ಲೂ ಬೇಕೆಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿವೆ. ಹಗಲಿನ ಉದ್ದ ನೋಡದೆ ಅವು ಕಾಯಿ ಬಿಡುತ್ತವೆ. ಸೊಗಡಿನ ವಿಚಾರದಲ್ಲಿ ನಮ್ಮತ್ತೆ ಮಾತ್ರ ಇನ್ನೂ ಒಪ್ಪಿಲ್ಲ.

ಬಚ್ಚಲ ನೀರು, ಸೂರಿನ ನೀರು

ಟಿ.ವಿ. ಮುಂದಕ್ಕೆ ಹೋಯಿತು, ಬಚ್ಚಲು ಗೆದ್ದಿತು. ಮೊದಲು ನಮ್ಮ ಬಚ್ಚಲ ನೀರು ಹಿತ್ತಲ ಬಾಗಿಲಲ್ಲೇ ಹರಡಿ ಸೊಳ್ಳೆಯ ತವರಾಗಿತ್ತು. ಈಗ ನೀರು ಮೊದಲು ಒಂದು ಸಣ್ಣ ತೊಟ್ಟಿಗೆ ಬೀಳುತ್ತದೆ. ಕೂದಲು, ಸೋಪಿನ ಜಿಡ್ಡು ಅಲ್ಲಿ ನಿಲ್ಲುತ್ತದೆ. ಅಲ್ಲಿಂದ ಜಲ್ಲಿ ತುಂಬಿದ ಗುಂಡಿಗೆ. ಗುಂಡಿಯ ಸುತ್ತ ಬಾಳೆ, ಕೆಸು. ಈ ನೀರನ್ನು ಹಸಿಯಾಗಿ ತಿನ್ನುವ ಸೊಪ್ಪಿಗೆ, ಮೂಲಂಗಿಗೆ, ಕ್ಯಾರೆಟ್‌ಗೆ ಹಾಯಿಸಬಾರದು. ಶೌಚಾಲಯದ ನೀರು ಇದಕ್ಕೆ ಸೇರಲೇಬಾರದು. ಕುಡಿಯುವ ನೀರಿನ ಬಾವಿ, ಬೋರ್‌ನಿಂದ 50 ಅಡಿಯಾದರೂ ದೂರವಿರಲಿ. ಬಚ್ಚಲು ಗುಂಡಿಯನ್ನು, ಪೌಷ್ಟಿಕ ಕೈತೋಟವನ್ನು ಉದ್ಯೋಗ ಖಾತ್ರಿಯಲ್ಲಿ ಮಾಡಿಸಿಕೊಂಡ ಮನೆಗಳು ನಮ್ಮ ಕಡೆ ಇವೆ. ನಿಯಮ, ಮೊತ್ತ ಬದಲಾಗುತ್ತಿರುತ್ತವೆ. ಕೆಲಸ ಶುರುಮಾಡುವ ಮೊದಲೇ ಪಂಚಾಯಿತಿಯಲ್ಲಿ ವಿಚಾರಿಸಿ.

ಸೂರಿಗೆ ದೋಣಿ ಕಟ್ಟಿಸಲೂ ಚಳಿಗಾಲವೇ ಸರಿ. ಲೆಕ್ಕ ಸುಲಭ: ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಸೂರಿಗೆ 10 ಮಿಲಿಮೀಟರ್ ಮಳೆ ಬಂದರೆ 1,000 ಲೀಟರ್. ಸೋರಿದ್ದು, ಆರಿದ್ದು ಕಳೆದರೂ ಹಲವಾರು ಡ್ರಮ್ಮು ತುಂಬುತ್ತದೆ. ಏಪ್ರಿಲ್‌ನ ಅಶ್ವಿನಿ, ಭರಣಿ ಮಳೆ ಬರುವ ಮೊದಲು ಪೈಪು ಕೂತಿರಬೇಕು. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಲು ಮರೆಯಬೇಡಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ.

ಬೀಗ ಹಾಕಬೇಕಾದ ಪೆಟ್ಟಿಗೆ

ಸಂಕ್ರಾಂತಿಗೆ ಸುಣ್ಣ ಬಳಿಯುವಾಗ ಅಟ್ಟದ ಸಾಮಾನೆಲ್ಲ ಇಳಿಸಿದೆವು. ಹಳೇ ಹಂಡೆ, ಮೊರದ ಜೊತೆಗೆ ಅರ್ಧಂಬರ್ಧ ಉಳಿದ ಔಷಧಿ ಬಾಟಲಿಗಳೂ ಇಳಿದವು. ಎರಡರ ಚೀಟಿ ಹರಿದು ಹೋಗಿತ್ತು. ಒಂದು ಖಾಲಿ ಕ್ಯಾನಿನಲ್ಲಿ ಯಾರೋ ಸೀಮೆಎಣ್ಣೆ ತುಂಬಿಟ್ಟಿದ್ದರು. ಮಗಳು ಓಡಾಡುವ ಮನೆಯಲ್ಲಿ ಇಷ್ಟು ವರ್ಷ ಇವು ಹೀಗೇ ಇದ್ದವಲ್ಲ ಎಂದು ಮೈ ನಡುಗಿತು.

ಆ ವರ್ಷದ ನಮ್ಮ ಅತಿ ಕಡಿಮೆ ಖರ್ಚಿನ, ಅತಿ ದೊಡ್ಡ ರಿಪೇರಿ ಎಂದರೆ ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಬೀಗ. ಅದನ್ನು ಬ್ಯಾರನ್ ಪಕ್ಕದ ಕೊಠಡಿಯಲ್ಲಿ, ಎತ್ತರದಲ್ಲಿ ಇಟ್ಟೆವು. ಒಲೆಯ ಕಾವು ತಗುಲದ ಗೋಡೆ ನೋಡಿ. ಔಷಧಿ ತಂದ ಬಾಟಲಿಯಲ್ಲೇ ಇರಬೇಕು, ಬೇರೆ ಬಾಟಲಿಗೆ ಸುರಿಯಬಾರದು. ಖಾಲಿ ಕ್ಯಾನನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿದು, ತೂತು ಮಾಡಿಬಿಡಿ. ಅದರಲ್ಲಿ ನೀರು, ಎಣ್ಣೆ, ಕಾಳು ಏನನ್ನೂ ತುಂಬಬೇಡಿ. ಸಿಂಪಡಿಸುವ ಪಂಪನ್ನು ಹಿತ್ತಲಿನ ಮಡಿ ಪಕ್ಕ ತೊಳೆಯಬೇಡಿ. ಅಟ್ಟದಲ್ಲಿ ಖಾಲಿಯಾದ ಜಾಗಕ್ಕೆ ಅತ್ತೆಯ ಬೀಜದ ಕುಡಿಕೆಗಳು ಬಂದವು. ಅವರೆ, ಅಲಸಂದೆ, ಸೋರೆ, ದಂಟು ಎಲ್ಲ ಬೂದಿಯಲ್ಲಿ ಬೆರೆಸಿಟ್ಟದ್ದು.

ಊರಿಗೊಂದು ಹಿತ್ತಲು

ನಾಲ್ಕು ತಾಲ್ಲೂಕಿಗೂ ಒಂದೇ ನಕ್ಷೆ ಆಗದು. ಹುಣಸೂರು, ಪಿರಿಯಾಪಟ್ಟಣದ ಹಗುರ ಕೆಂಪು ಮಣ್ಣಿಗೆ ಗೊಬ್ಬರ, ತರಗಿನ ಹೊದಿಕೆ ಜಾಸ್ತಿ ಬೇಕು; ನೀರನ್ನು ಸ್ವಲ್ಪಸ್ವಲ್ಪವಾಗಿ ಪದೇಪದೇ ಕೊಡಬೇಕು. ಶುಂಠಿ ಬೆಳೆಯುವ ಕಡೆ ಆ ಹೊಲದ ಮಣ್ಣನ್ನು ಹಿತ್ತಲಿಗೆ ತರಬೇಡಿ, ಸೊರಗು ರೋಗ ಜೊತೆಗೇ ಬಂದೀತು. ಕೆ.ಆರ್.ನಗರದ ನಾಲೆ ಬಯಲಿನಲ್ಲಿ, ಗದ್ದೆಯ ಮಗ್ಗುಲ ಮನೆಗಳಲ್ಲಿ ನೀರು ನಿಲ್ಲುವುದೇ ತೊಂದರೆ. ಅಲ್ಲಿ ಅರ್ಧ ಅಡಿ ಏರಿಸಿದ ಏರುಮಡಿ, ಸುತ್ತ ಬಸಿಗಾಲುವೆ. ಎಚ್.ಡಿ.ಕೋಟೆಯ ಕಾಡಂಚಿನವರು ಬಾಳೆ, ಹಲಸನ್ನು ಮನೆಗೆ ತಾಗಿಸಿ ಬೆಳೆಸುವ ಮೊದಲು ಎರಡು ಸಲ ಯೋಚಿಸಬೇಕು, ಆನೆಗೆ ಅದು ಕರೆದು ಕೊಟ್ಟ ಊಟ. ಅಂಥ ಕಡೆ ಬಚ್ಚಲ ಗುಂಡಿಗೆ ಕೆಸು, ಕಾಬಾಳೆ ಸಾಕು.

ತಿಂಗಳ ಲೆಕ್ಕ

ಡಿಸೆಂಬರ್: ನೆರಳು ಅಳೆದು ನಕ್ಷೆ; ರೋಗದ ಗಿಡ ಕಿತ್ತು ಸುಡುವುದು; ಮೂಲಂಗಿ, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ, ಹುರುಳಿಕಾಯಿ ಬಿತ್ತನೆ.

ಜನವರಿ: ಸುಣ್ಣ, ಹೆಂಚು, ಸೂರಿನ ದೋಣಿ, ಬಚ್ಚಲು, ಹಳೇ ಸಸಿ ಮಡಿಗೆ ಚೆಂಡುಹೂ.

ಫೆಬ್ರವರಿ: ಚಪ್ಪರ ಕಟ್ಟಿ ಹೀರೆ, ಸೋರೆ, ಪಡವಲ ಬೀಜ ಊರುವುದು.

ಮಾರ್ಚ್-ಏಪ್ರಿಲ್: ರೋಗವಿರುವ ಮಡಿ ಖಾಲಿಯಿದ್ದರೆ ಚೆನ್ನಾಗಿ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಮಣ್ಣು ಮುಚ್ಚಿ 4ರಿಂದ 6 ವಾರ ಬಿಸಿಲಿಗೆ ಬಿಡುವುದು. ಒಳಗಿನ ಕಾವಿಗೆ ಹುಳು, ಕಳೆಬೀಜ ಬಹಳಷ್ಟು ಸಾಯುತ್ತವೆ.

ಈಗ ಮತ್ತೆ ಡಿಸೆಂಬರ್ ಬಂದಿದೆ. ಹಳೇ ಸಸಿ ಮಡಿಯಲ್ಲಿ ಈ ವರ್ಷವೂ ಟೊಮೆಟೊ ಇಲ್ಲ. ಮೊನ್ನೆ ಪರೀಕ್ಷೆಗೆಂದು ಹಾಕಿದ್ದ ಒಂದು ಬೆಂಡೆ ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ನಾಲ್ಕಾರು ಗಂಟು ಇನ್ನೂ ಇವೆ. ಇನ್ನೊಂದು ವರ್ಷ ಕಾಯುತ್ತೇವೆ. ಚೀಲದ ಟೊಮೆಟೊ ಮಾತ್ರ ಕಾಯಿ ಹಿಡಿದಿದೆ. ಅದರ ಪಕ್ಕದಲ್ಲೇ ಮಗಳು ಸೋಪಿನ ಡಬ್ಬಿ ತೂಗುಹಾಕಿದ್ದಾಳೆ; ಕೈ ತೊಳೆಯದೆ ಅವರಪ್ಪನನ್ನೂ ಹತ್ತಿರ ಬಿಡುವುದಿಲ್ಲ.

ಹರಾಜಿನ ದುಡ್ಡು ಬಂದಿದೆ. ರಾತ್ರಿ ಮತ್ತೆ ಲೆಕ್ಕಕ್ಕೆ ಕೂರಬೇಕು. ಟಿ.ವಿ. ವಿಷಯ ಈ ಸಲ ಮುಂದೂಡುವಂತಿಲ್ಲ ಎಂದು ಮಗಳು ಈಗಾಗಲೇ ಅಜ್ಜಿಯನ್ನು ತನ್ನ ಕಡೆಗೆ ಮಾಡಿಕೊಂಡಿದ್ದಾಳೆ. ಅಜ್ಜಿ ಕಟ್ಟೆಯ ಮೇಲೆ ಕುಳಿತು ದಂಟು ಮುರಿಯುತ್ತಿದ್ದಾರೆ. ಮಧ್ಯಾಹ್ನಕ್ಕೆ ಬಸ್ಸಾರು.